ಎಡಗಡೆ ಹಿಂಚಕ್ರ

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ನಮ್ಮ ಭಾವನಿಗೇ ಆಗಿದ್ದು. ಅಕ್ಕನ ಗಂಡ, ಜೀಪ್ ಮೆಕ್ಯಾನಿಕ್ಕು. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ... ಆಗ.

ಅವತ್ತು ಗ್ಯಾರೇಜು ಮುಚ್ಚಿ, ಬಾವಿ ದಾಟಿ ನಡೆದು ಬರ್ತಿದ್ದ. ಕತ್ತಲಾಗಿತ್ತು. ಆಲದ ಮರದ ಕೆಳಗೆ ಹಳೇ ಫೋರ್‌ವೀಲ್ ಜೀಪು, ಪಕ್ಕದಲ್ಲಿ ಟೀಚರಮ್ಮ. ಹೋದ ವರ್ಷ ಇವರ ಗಂಡ, ಆರಡಿ ಆಳು, ಇದೇ ಜೀಪಲ್ಲಿ, ಇಳಿಜಾರಲ್ಲಿ ಗೋಡೆಗೆ ಗುದ್ದಿ ಸತ್ತಿದ್ದ. ಕುಡಿದು ಓಡಿಸಿದ ಅಂತ ಊರೆಲ್ಲ ಮಾತು. ಭಾವನೂ ಅದನ್ನೇ ನಂಬಿ, ನಜ್ಜುಗುಜ್ಜಾಗಿದ್ದ ಮುಂಭಾಗ ಮಾತ್ರ ರಿಪೇರಿ ಮಾಡಿ, ಬ್ರೇಕ್ ಆಯಿಲ್ ತುಂಬಿ ಕೊಟ್ಟಿದ್ದ. ಹಿಂದಿನ ಚಕ್ರ ಬಿಚ್ಚಿ ನೋಡಿರಲಿಲ್ಲ.

“ಅಣ್ಣಾ, ಬ್ರೇಕ್ ತುಳಿದ್ರೆ ಪೆಡಲ್ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಬೆಳಿಗ್ಗೆ ಆರು ಮಕ್ಕಳನ್ನ ಸ್ಕೂಲಿಗೆ ಬಿಡ್ಬೇಕು.”

“ನೀವು ಮನೆಗೆ ಹೋಗಿಮ್ಮಾ, ಪಾಪು ಒಂದೇ ಇರುತ್ತೆ. ನಾನು ನೋಡ್ತೀನಿ.”

ಅವರು ಹೋದ್ರು. ಭಾವ ಜಾಕ್ ತಂದು ಹಿಂಭಾಗ ಎತ್ತಿದ. ಬ್ರೇಕ್ ಹಿಡಿಯುತ್ತಾ ಅಂತ ನೋಡೋಕೆ ಒಬ್ಬರು ಪೆಡಲ್ ತುಳೀಬೇಕು, ಇನ್ನೊಬ್ಬರು ಚಕ್ರ ತಿರುಗಿಸಬೇಕು. “ಒಬ್ನೇ ಏನ್ ಮಾಡ್ಲಿ” ಅಂತ ಗೊಣಗಿದ.

ಮೇಲೆ... ಕಿರ್ರ್... ಸೀಟಿನ ಸ್ಪ್ರಿಂಗು. ಆಮೇಲೆ ಪೆಡಲ್ಲು. ಪುಸ್ಸ್...

ಟೀಚರಮ್ಮ ವಾಪಸ್ ಬಂದ್ರು ಅಂದ್ಕೊಂಡ. “ಹಾಗೇ ಹಿಡ್ಕೊಳ್ಳಿ.” ಬಲಗಡೆ ಚಕ್ರ ತಿರುಗಿಸಿದ. ಸಲೀಸಾಗಿ ತಿರುಗಿತು, ಬ್ರೇಕ್ ಹಿಡೀತಾನೇ ಇಲ್ಲ. “ಬಿಡಿ.” ಟಕ್. ಚಕ್ರ ಕಳಚಿ, ಒಳಗಿನ ಬ್ರೇಕ್ ಡ್ರಮ್ ಬಿಚ್ಚಿದ. ಬ್ರೇಕ್ ಆಯಿಲ್... ತೊಟ್... ತೊಟ್. ಹೊಸ ಸೋರಿಕೆ.

“ಸಿಕ್ತು!” ಅಂದ.

“ಎಡಗಡೆದೂ ಬಿಚ್ಚು...”

ಪಿಸುಮಾತು. ಗಂಡಸಿನ ದನಿ.

ಭಾವನಿಗೆ ತಲೆ ಎತ್ತೋ ಧೈರ್ಯ ಬರಲಿಲ್ಲ. ಹೇಳಿದ ಹಾಗೆ ಬಿಚ್ಚಿದ. ಅಲ್ಲೂ ಸೋರಿತ್ತು. ಆದ್ರೆ ಇದು ಹಳೇದು... ಎಣ್ಣೆ, ಧೂಳು ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ವರ್ಷಕ್ಕೂ ಹಿಂದಿನದು. ಅಂದ್ರೆ, ಗೋಡೆಗೆ ಗುದ್ದೋಕೆ ಮೊದಲೇ...

“ತಪ್ಪಾಯ್ತಪ್ಪಾ” ಅಂದ ಭಾವ. ಕಿರ್ರ್... ಅಂತು ಸ್ಪ್ರಿಂಗು. ಎದ್ದು ನೋಡಿದ್ರೆ ಯಾರೂ ಇಲ್ಲ.

ಬೆಳಗಾಗೋದ್ರೊಳಗೆ ಎರಡೂ ಕಡೆ ಸರಿ ಮಾಡಿದ. ಟೀಚರಮ್ಮ ಬಂದಾಗ ನಾನೂ ಅಲ್ಲೇ ಇದ್ದೆ, ಎಲ್ಲರೆದುರೇ ಹೇಳಿದ: “ನಿಮ್ಮ ಯಜಮಾನ್ರದ್ದು ತಪ್ಪಿಲ್ಲಮ್ಮಾ. ಬ್ರೇಕ್ ಕೈಕೊಟ್ಟಿತ್ತು. ನಾನು ಅವತ್ತೇ ನೋಡ್ಬೇಕಿತ್ತು.” ರಾತ್ರಿ ವಾಪಸ್ ಬಂದಿದ್ರಾ ಅಂತ ಭಾವ ಕೇಳಿದ್ರೆ, ಇಲ್ಲ ಅಂತ ಆಕೆ ತಲೆಯಾಡಿಸಿದ್ರು.

ಆಮೇಲೆ ಜೀಪ್ ಹತ್ತಿ ಕೂತ್ರು. ಕಾಲು ಬ್ರೇಕಿಗೆ ಎಟುಕಲಿಲ್ಲ. ಕುಳ್ಳಗಿನ ಹೆಂಗಸು, ಯಾವಾಗಲೂ ಸೀಟು ಪೂರ್ತಿ ಮುಂದೆ ಇಟ್ಟೇ ಓಡಿಸೋರು. ಸೀಟು ಕೊನೇ ತನಕ ಹಿಂದಕ್ಕೆ ಸರಿದಿತ್ತು. ಮುಂದಕ್ಕೆ ಎಳೆಯೋಕೆ ಹೋದವನು ನಾನೇ, ಇದೇ ಕೈ. ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿತ್ತು... ನಾನೂ ಭಾವನೂ ಸೇರಿ ಎಳೀಬೇಕಾಯ್ತು.