ಶುಕ್ರವಾರ ಬರಬೇಡ ಎಂದವನು

ಜರ್ಮನಿಯ ಡ್ರೆಸ್ಡೆನ್‌ನ ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಹದಿಮೂರರ ಆಸುಪಾಸಿನ ಹುಡುಗಿ ಮತ್ತು ಅವಳ ತಾಯಿ. ನಾನು ಕಿಟಕಿಯಾಚೆ ನೋಡುತ್ತಾ ಕುಳಿತೆ.

“ಶುಕ್ರವಾರ ಸ್ಕೂಲಿಗೆ ಹೋಗಲ್ಲ ಅಮ್ಮ.”

“ಯಾಕೆ, ಟೆಸ್ಟಾ?”

“ನಮ್ಮ ಕ್ಲಾಸಿನ ಯೋನಾಸ್ ಬರಬೇಡ ಅಂದಿದಾನೆ.”

“ಅವನೇನು ಹೆಡ್‌ಮಾಸ್ಟರಾ?”

“ಅವರ ತಾತನ ಬಂದೂಕಿದೆಯಂತೆ. ಎಲ್ಲರಿಗೂ ತೋರಿಸ್ತೀನಿ, ನೀನು ಮಾತ್ರ ಅಲ್ಲಿರಬೇಡ ಅಂದ.”

ತಾಯಿ ಅವಳತ್ತ ಪೂರ್ತಿ ತಿರುಗಿ ಕುಳಿತರು.

“ನಿನಗೇ ಯಾಕೆ ಹೇಳಿದ ಸಿಂಚು?”

“ಊಟಕ್ಕೆ ಅವನ ಜೊತೆ ಬೇರೆ ಯಾರೂ ಕೂರಲ್ಲ. ನಿನ್ನ ಉಪ್ಪಿಟ್ಟನ್ನೂ ಚೆನ್ನಾಗಿದೆ ಅಂತಾನೆ.”

“ಟೀಚರಿಗೆ ಹೇಳಿದ್ಯಾ?”

“ಪೊಲೀಸ್ ಕರೀತಾರೆ. ನನ್ನ ನಂಬಿ ಹೇಳಿದಾನೆ. ಜ್ವರ ಅಂತ ಸ್ಕೂಲಿಗೆ ರಜಾಚೀಟಿ ಕಳಿಸಿಬಿಡು ಅಮ್ಮ, ಸಾಕು.”

“ನೀನು ಮನೇಲಿರ್ತೀಯ. ಉಳಿದ ಮಕ್ಕಳು?”

ಹುಡುಗಿ ಅಳತೊಡಗಿದಳು.

“ಅವನು ಕೆಟ್ಟವನಲ್ಲ.”

“ಅಲ್ಲ ಪುಟ್ಟಿ. ಅದಕ್ಕೇ ಈಗಲೇ ಹೇಳಬೇಕು. ಯಾರಾದ್ರೂ ತಡೀಲಿ ಅಂತಾನೇ ನಿನಗೆ ಹೇಳಿದಾನೋ ಏನೋ.”

“ಇನ್ಮೇಲೆ ನನ್ನ ಜೊತೆ ಮಾತೇ ಆಡಲ್ಲ.”

“ಆಡದಿದ್ರೆ ಬೇಡ. ನಿನ್ನ ಬೈಕೊಳ್ಳೋಕಾದ್ರೂ ಬದುಕಿರ್ತಾನಲ್ಲ.”

ತಾಯಿ ಸ್ವೆಟರಿನ ತೋಳಿನಿಂದ ಅವಳ ಮುಖ ಒರೆಸಿ, ನಿಲ್ಲಿಸುವ ಗುಂಡಿ ಒತ್ತಿದರು.

“ನಮ್ಮ ಸ್ಟಾಪ್ ಇದಲ್ಲ ಅಮ್ಮ.”

“ಗೊತ್ತು. ಟೀಚರ್ ಇನ್ನೂ ಸ್ಕೂಲಲ್ಲೇ ಇರ್ತಾರೆ, ವಾಪಸ್ ಹೋಗೋಣ. ನೀನು ಹೇಳುವಾಗ ನಾನು ಪಕ್ಕದಲ್ಲೇ ಇರ್ತೀನಿ.”

ತಾಯಿ ಫೋನನ್ನು ಕಿವಿಗಿಟ್ಟುಕೊಂಡೇ ಇಳಿದರು. ಬಾಗಿಲು ಮುಚ್ಚುವಷ್ಟರಲ್ಲಿ ಹುಡುಗಿ ಅವರಿಗಿಂತ ಮುಂದಾಗಿ ಎದುರಿನ ಸ್ಟಾಪಿನತ್ತ ಓಡುತ್ತಿದ್ದಳು.