ಈ ವರ್ಷದ ಪಟ್ಟಿ

ಕತ್ತಲಿಗೆ ಹೆದರೋ ಗಂಡಲ್ಲ ನಾನು. ಬರಿಗೈಲಿ ಹಾವು ಹಿಡಿದೋನು, ಊರಿಗೇ ಗೊತ್ತು. ಆದ್ರೆ ಆ ರಾತ್ರಿ... ಎರಡನೇ ಪಾಳಿ ಮುಗಿಸಿ ನಮ್ಮ ದೊಡ್ಡಪ್ಪನ ಮಗನ ಜೊತೆ ಅವನ ಹಿತ್ತಲ ದಾರೀಲಿ ಬರ್ತಿದ್ದೆ. ಇಬ್ಬರೂ ಒಂದೇ ಶೆಡ್ಡಲ್ಲಿ ವೆಲ್ಡರ್‌ಗಳು. ಬಾವಿ ಹತ್ತಿರ ಬಂದ್ವಿ.

ಟಕ್... ಟಕ್... ಕಿರ್ರ್.

ಬಾವಿ ಪಕ್ಕ ಅವನ ಹೆಂಡತಿ, ನಮ್ಮತ್ತಿಗೆ, ನೆಟ್ಟ ಗಿಡ ಅದು. ಬಿದಿರಲ್ಲ, ಬಿದಿರಿನ ತಮ್ಮ ಅನ್ನಿ. ಅದೇ ಗೆಣ್ಣು, ಅದೇ ಎತ್ತರ, ವರ್ಷವಿಡೀ ಹಸಿರು. ಮೂರು ವರ್ಷ ತುಂಬಿದ ಗಳ ಮಾತ್ರ ಕಡೀಬೇಕು, ಎಳೇದು ಮುಟ್ಟಿದ್ರೆ ಬುಡವೇ ಸಾಯುತ್ತೆ ಅನ್ನೋರು. ವಯಸ್ಸು ಗೊತ್ತಾಗಲಿ ಅಂತ ಹೊಸ ಗಳಕ್ಕೆಲ್ಲ ವರ್ಷಕ್ಕೊಂದು ಬಣ್ಣದ ಬಟ್ಟೆ ಪಟ್ಟಿ ಕಟ್ಟೋರು. ಕೆಂಪು, ಹಳದಿ, ನೀಲಿ. ಕತ್ತರಿ ಹುಡುಕೋ ತಾಳ್ಮೆ ಇಲ್ಲ, ಹಲ್ಲಲ್ಲೇ ಕಚ್ಚಿ ಹರಿಯೋರು. "ಇಲಿ ಜಾತಿ" ಅಂತ ಅಣ್ಣ ರೇಗಿಸೋನು.

ಹೋದ ವರ್ಷ ಅತ್ತಿಗೆಗೆ ಜ್ವರ ಬಂತು. ನಾಲ್ಕೇ ದಿನ, ಹೋಗೇಬಿಟ್ರು. ಅಣ್ಣ ಅಳಲಿಲ್ಲ. ಕೆಲಸಕ್ಕೆ ಹೋದ, ಬಂದ, ತಟ್ಟೆ ತೊಳೆದಿಟ್ಟ. ಏನು ಕೇಳಿದ್ರೂ "ಹೂಂ." ಅವತ್ತು ಬೆಳಿಗ್ಗೆ ಮಾತ್ರ ಅಂದಿದ್ದ, "ಈ ವರ್ಷದ್ದಕ್ಕೆ ಪಟ್ಟಿ ಕಟ್ಟೋರಿಲ್ಲ. ಇನ್ಮುಂದೆ ಯಾವುದು ಎಳೇದೋ, ಯಾವುದು ಬಲಿತದ್ದೋ ನಂಗೆ ತಿಳಿಯಲ್ಲ. ನಾಳೆ ಎಲ್ಲಾ ಕಡಿದುಬಿಡೋಣ." ಅತ್ತಿಗೆ ಕೈಯಿಂದ ಆ ಮನೇಲಿ ಉಳಿದಿದ್ದ ಜೀವ ಅದೊಂದೇ. ಆದ್ರೂ ಗರಗಸ ಮಸೆದು ಬಾವಿಕಟ್ಟೆ ಮೇಲೆ ಇಟ್ಟಿದ್ದ.

ಟಕ್... ಟಕ್.

"ಗಾಳಿ ಇದೆಯೇನೋ?" ಅಣ್ಣ ಪಿಸುಗುಟ್ಟಿದ.

"ಎಲೆ ಅಲ್ಲಾಡ್ತಿಲ್ಲ ಅಣ್ಣಾ."

"ಹೂಂ. ಬೆಳಕು ಬಿಡು."

ಮೊಬೈಲ್ ಟಾರ್ಚ್ ಬಿಟ್ಟೆ. ಕೆಂಪು... ಹಳದಿ... ನೀಲಿ... ಆಮೇಲೆ ಬೂದು. ಏಳು ಎಳೆ ಗಳ, ಏಳಕ್ಕೂ ಬೂದು ಪಟ್ಟಿ. ಬೆಳಿಗ್ಗೆ ಇರಲಿಲ್ಲ. ಆಣೆ ಮಾಡಿ ಹೇಳ್ತೀನಿ, ಇರಲಿಲ್ಲ!

"ನೀನು ಕಟ್ಟಿದ್ಯಾ?" ಅಣ್ಣ ಕೇಳಿದ.

"ನಾನ್ಯಾಕೆ ಕಟ್ಟಲಿ?"

ಅಣ್ಣ ಗರಗಸ ಎತ್ಕೊಂಡು ಒಳಗೆ ಹೋದ, ಮೊಳೆಗೆ ನೇತುಹಾಕಿದ. "ಊಟ ಮಾಡ್ಕೊಂಡು ಹೋಗು" ಅಂದ. ಅಷ್ಟೇ. ಆ ಗಿಡ ಇವತ್ತಿಗೂ ಯಾರೂ ಕಡಿದಿಲ್ಲ.

ಅಡುಗೆಮನೆ ದೀಪದಲ್ಲಿ ಅವನು ನನಗೆ ಬೆನ್ನು ಮಾಡಿ ಕೈ ತೊಳೀತಿದ್ದ. ಮೈಮೇಲಿದ್ದದ್ದು ಅದೇ ಬೂದು ಕೆಲಸದಂಗಿ. ಶೆಡ್ಡಿಂದ ಹೊರಡುವಾಗ ಸರಿಯಾಗೇ ಇತ್ತು, ದಾರಿಯುದ್ದಕ್ಕೂ ಪಕ್ಕದಲ್ಲೇ ಇದ್ದೆ. ಈಗ ಹಿಂದುಗಡೆ ಒಂದು ಗೇಣು ಬಟ್ಟೆಯೇ ಇಲ್ಲ.

ನಗಬೇಡಿ. ಸುಳ್ಳಾದ್ರೆ ಮೀಸೆ ಬೋಳಿಸ್ಕೋತೀನಿ. ಈ ಕೈಯಲ್ಲೇ ಮುಟ್ಟಿ ನೋಡಿದ್ದೀನಿ. ಕತ್ತರಿ ಗುರುತಲ್ಲ. ಕಚ್ಚಿ ಹರಿದ ಅಂಚು... ಇನ್ನೂ ಒದ್ದೆ ಇತ್ತು.