ಲೆಕ್ಕಕ್ಕಿಲ್ಲದ ಒಂದು ವೋಟು

...ಆ ಮೈಕ್ರೋವೇವ್ ಆಫ್ ಮಾಡ್ರೀ, ಸಾರು ಒಲೆ ಮೇಲೇ ಕಾಯಿಸ್ತೀನಿ. ಅದರ ಬೀಪ್ ಕೇಳಿದ್ರೆ ಆ ವೋಟಿಂಗ್ ಮೆಷಿನ್ನೇ ನೆನಪಾಗುತ್ತೆ. ಯಾಕೆ ನಗ್ತೀರಾ? ಅಲ್ಲಿಂದ ಬಂದು ಇಷ್ಟು ದಿನ ಆದ್ರೂ... ಎಜ್‌ವೇರ್‌ನಲ್ಲಿ ಟ್ಯೂಬ್ ರೈಲಿನ ಬಾಗಿಲು ಬೀಪ್ ಅಂತ ಮುಚ್ಚೋವಾಗ್ಲೂ ಬೆಚ್ಚಿಬೀಳ್ತೀನಿ.

ಅದೇ, ಹಿಮಾಲಯದ ಆ ಪುಟ್ಟ ರಾಜ್ಯ. ರಾಜ ಇನ್ನೂ ಇದ್ದಾನೆ, ಆದ್ರೂ ಪಾರ್ಲಿಮೆಂಟಿನ ಮೇಲ್ಮನೆಗೂ ಜನರೇ ವೋಟು ಹಾಕ್ತಾರೆ. ಚುನಾವಣೆ ಸರಿಯಾಗಿ ನಡೆಯುತ್ತಾ ನೋಡ್ಕೊಂಡು ಬನ್ನಿ ಅಂತ ನಮ್ಮ ಚಾರಿಟಿಯವರು ಕಳಿಸಿದ್ರಲ್ಲ. ಯಾಕ್‌ಗಳು, ಬೆಣ್ಣೆ ಟೀ, ಅದೆಲ್ಲ ನಿಮಗೆ ಹೇಳ್ದೆ. ಅಲ್ಲಿ ವೋಟು ಹಾಕೋಕೆ ಬಂದ ಒಬ್ಬ ಮುದುಕಿ ವಿಷಯ ಹೇಳಿರ್ಲಿಲ್ಲ.

ಅವಳ ಮಗನೇ ನಿಂತಿದ್ದ ರೀ, ಮೇಲ್ಮನೆಗೆ. ಊರೂರು ತಿರುಗಿ ವೋಟು ಕೇಳ್ತಾ ಇದ್ದೋನು... ಗುಡ್ಡ ಕುಸಿದು ಜೀಪ್ ಸಮೇತ ಹೋದ. ಅಷ್ಟರಲ್ಲಿ ಮೆಷಿನ್‌ಗಳು ಬೆಟ್ಟ ಹತ್ತಿಯಾಗಿತ್ತು. ಅವನ ಫೋಟೋ ಅದರ ಮೇಲೆ ಹಾಗೇ ಉಳೀತು. ಅಲ್ಲಿ ಒತ್ತಿದ್ರೆ ಲೆಕ್ಕಕ್ಕಿಲ್ಲ ಅಂತ ವೋಟಿನ ದಿನ ಬೂತಿನ ಆಫೀಸರ್ ಬಂದವರಿಗೆಲ್ಲ ಹೇಳ್ತಿದ್ದ. ಮುದುಕಿಗೂ ಹೇಳ್ದ. ಕೇಳಿಸ್ಕೊಂಡ್ಲು, ತಲೆ ಆಡಿಸಿ ಒಳಗೆ ಹೋದ್ಲು. ಪರದೆ ಆಚೆ ನಾನು ನೋಡೋ ಹಾಗಿಲ್ಲ. ಎಷ್ಟು ಹೊತ್ತಾದ್ರೂ ಬೀಪ್ ಬರ್ಲಿಲ್ಲ... ಆಮೇಲೆ ಬಂತು.

ಹೊರಗೆ ಬಿಸಿಲಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತ್ಲು. ಅಲ್ಲಿನ ಸ್ಕೂಲ್ ಟೀಚರ್ ಒಬ್ಬಳು ಅವಳ ಮಾತನ್ನ ನಂಗೆ ಇಂಗ್ಲಿಷಲ್ಲಿ ಹೇಳಿದ್ಲು. ಮಗನ ಫೋಟೋ ಮೇಲೆ ಧೂಳು ಕೂತಿತ್ತಂತೆ, ತೋಳಲ್ಲಿ ಒರೆಸಿದ್ಲಂತೆ. ಅವನಿಗೇ ಒತ್ತಿದ್ಲಂತೆ. "ಅವನಿಲ್ಲ ಅಂತ ನನ್ನ ಬೆರಳಿಂದ ಯಾಕೆ ಹೇಳಿಸ್ತೀರಿ?" ಅಂದ್ಲು.

ಆಮೇಲೆ ನನ್ನ ಕೈ ಹಿಡ್ಕೊಂಡು, ನಿಂಗೆಷ್ಟು ಮಕ್ಕಳು ಅಂತ ಕೇಳಿದ್ಲು.

ಒಬ್ಬ ಮಗ ಅಂದೆ. ಅಮೋಘ್ ಅಂತ. ಅಕ್ಸ್‌ಬ್ರಿಡ್ಜ್‌ನಲ್ಲಿ ಕೆಲಸ, ಶನಿವಾರ ಮನೆಗೆ ಬರ್ತಾನೆ, ವಾರದ ಬಟ್ಟೆನೆಲ್ಲ ಒಗೆಯೋಕೆ ಹೊತ್ಕೊಂಡು ಬರ್ತಾನೆ, ಒತ್ತುಶ್ಯಾವಿಗೆ ಮಾಡಿದ್ರೆ ನಮಗೆ ಅಂತ ಉಳಿಸೋದೇ ಇಲ್ಲ...

ಯಾಕೆ, ತಟ್ಟೆ ಇಡೋದು ನಿಲ್ಲಿಸಿಬಿಟ್ರಿ?

ರೀ... ಹಾಗೆ ನೋಡ್ಬೇಡಿ. ನಂಗೊತ್ತಿಲ್ವಾ? ಕ್ರಿಮೆಟೋರಿಯಂನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿದ್ದೆನಲ್ಲ. ಒಬ್ಬ ಮಗ ಇದ್ದ ಅನ್ನೋಕೇ ಬಾಯಿ ತೆರೆದೆ. ಇದ್ದಾನೆ ಅಂತ ಬಂತು.

ಮುಂದಿನ ಸಲ ಅವನನ್ನೂ ಕರ್ಕೊಂಡು ಬಾ ಅಂದ್ಲು ಆ ತಾಯಿ.

ಹೂಂ ಅಂದೆ ರೀ.